ಸ್ಕ್ಯಾನ್ ರಿಪೋರ್ಟಿನಲ್ಲಿ ‘ಪ್ಲೂರಲ್ ಪ್ಲಾಕ್’ ಅಂತ ಬಂದಿದೆ, ಅಪ್ಪನಿಗೆ ಕ್ಯಾನ್ಸರಾ?

ಪ್ರಶ್ನೆ: ನಮ್ಮ ತಂದೆಗೆ 69 ವರ್ಷ. ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್‌ಗೆ, ಹಬೆ ಪೈಪುಗಳಿಗೆ ಶಾಖ ತಡೆಯುವ ಹೊದಿಕೆ ಸುತ್ತುವ ಕೆಲಸದಲ್ಲಿದ್ದರು. ಈಚೆಗೆ ಕೆಮ್ಮು ಬಿಡಲಿಲ್ಲ ಅಂತ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ‘ಎರಡೂ ಕಡೆ ಸುಣ್ಣಗಟ್ಟಿದ ಪ್ಲೂರಲ್ ಪ್ಲಾಕ್‌ಗಳು, ಹಿಂದೆ ಆಸ್ಬೆಸ್ಟಾಸ್ ಸಂಪರ್ಕ ಇದ್ದಿರಬೇಕು’ ಅಂತ ರಿಪೋರ್ಟ್ ಬಂತು. ಕೆಮ್ಮು ಔಷಧಿಗೆ ವಾಸಿಯಾಯಿತು. ಡಾಕ್ಟರು ಏನೂ ಮಾಡಬೇಕಿಲ್ಲ ಅಂದರು. ಆದರೆ ಇಂಟರ್ನೆಟ್‌ನಲ್ಲಿ ಹುಡುಕಿದರೆ ಎಲ್ಲಾ ಕಡೆ ಕ್ಯಾನ್ಸರ್ ಅಂತಲೇ ಬರುತ್ತದೆ. ಅಪ್ಪ ಅದನ್ನು ಓದಿದಾಗಿನಿಂದ ಯಾರ ಹತ್ತಿರವೂ ಸರಿಯಾಗಿ ಮಾತಾಡುತ್ತಿಲ್ಲ. ಇದು ಮುಂದೆ ಕ್ಯಾನ್ಸರ್ ಆಗುತ್ತಾ? ಆಪರೇಷನ್ ಮಾಡಿ ತೆಗೆಸಬಹುದಾ? ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಬೇಕಾ? ಅವರ ಕೆಲಸದ ಬಟ್ಟೆ ಒಗೆಯುತ್ತಿದ್ದ ಅಮ್ಮನಿಗೂ ಪರೀಕ್ಷೆ ಮಾಡಿಸಬೇಕಾ? ಅಪ್ಪ ಮೊದಲು ದಿನಕ್ಕೊಂದು ಪ್ಯಾಕ್ ಸಿಗರೇಟ್ ಸೇದುತ್ತಿದ್ದರು, ಈಗ ನಾಲ್ಕೈದಕ್ಕೆ ಇಳಿಸಿದ್ದಾರೆ.

ಉತ್ತರ: ಮೊದಲನೇ ಪ್ರಶ್ನೆಗೆ ಸುತ್ತಿ ಬಳಸದೆ ಉತ್ತರ ಹೇಳಿಬಿಡುತ್ತೇನೆ. ಪ್ಲೂರಲ್ ಪ್ಲಾಕ್ ಕ್ಯಾನ್ಸರ್ ಅಲ್ಲ. ಮುಂದೆ ಅದೇ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಪ್ಲಾಕ್‌ಗೆ ಏನೂ ಮಾಡಬೇಕಿಲ್ಲ ಅಂತ ನಿಮ್ಮ ಡಾಕ್ಟರು ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಅಷ್ಟು ಹೇಳಿ ಕಳಿಸಿದರೆ ಮನೆಯವರಿಗೆ ಸಮಾಧಾನ ಆಗುವುದಿಲ್ಲ, ಅದು ನನಗೂ ಗೊತ್ತು. ನಿಮ್ಮ ತಂದೆ ಕೆಲಸದ ದಿನಗಳಲ್ಲಿ ಆಸ್ಬೆಸ್ಟಾಸ್ ದೂಳು ಉಸಿರಾಡಿದ್ದಾರೆ ಅನ್ನುವುದನ್ನು ಆ ಪ್ಲಾಕ್‌ಗಳು ಹೇಳುತ್ತಿವೆ. ನಾವು ಗಮನ ಕೊಡಬೇಕಾದದ್ದು ಆ ದೂಳಿಗೆ, ಮತ್ತು ಈಗಲೂ ಉಳಿದಿರುವ ಆ ನಾಲ್ಕೈದು ಸಿಗರೇಟಿಗೆ.

ಶ್ವಾಸಕೋಶದ ಸುತ್ತ ಎರಡು ಪದರದ ತೆಳು ಪೊರೆ ಇದೆ. ಅದೇ ಪ್ಲೂರಾ. ಒಳಗಿನ ಪದರ ಶ್ವಾಸಕೋಶಕ್ಕೇ ಅಂಟಿಕೊಂಡಿರುತ್ತದೆ. ಹೊರಗಿನದು ಪಕ್ಕೆಲುಬುಗಳ ಒಳಮೈಗೆ ಮತ್ತು ಕೆಳಗೆ ವಪೆಯ (ಎದೆ, ಹೊಟ್ಟೆಗಳನ್ನು ಬೇರೆ ಮಾಡುವ ಸ್ನಾಯು) ಮೇಲೆ ಹಾಸಿಕೊಂಡಿರುತ್ತದೆ. ಎರಡರ ನಡುವೆ ಕೆಲವೇ ಚಮಚದಷ್ಟು ದ್ರವ. ಉಸಿರಾಡುವಾಗ ಒಂದರ ಮೇಲೊಂದು ಜಾರಲು ಅಷ್ಟು ಸಾಕು. ಯಾವ ಪದರಕ್ಕೆ ಏನಾಗಿದೆ ಅನ್ನುವುದರ ಮೇಲೆ ಕಾಯಿಲೆಯ ಸ್ವರೂಪವೇ ಬದಲಾಗುತ್ತದೆ. ಹಾಗಾಗಿ ಈ ಎರಡು ಪದರಗಳನ್ನು ನೆನಪಿಟ್ಟುಕೊಳ್ಳಿ.

ಆಸ್ಬೆಸ್ಟಾಸ್, ಅಂದರೆ ಕಲ್ನಾರು, ಬಂಡೆಯಿಂದ ಸಿಗುವ ನಾರಿನಂಥ ಖನಿಜ. ಒಂದೇ ಖನಿಜವಲ್ಲ, ಆರು ಬಗೆ ಇವೆ. ಹೆಚ್ಚಾಗಿ ಬಳಸಿದ್ದು ಬಿಳಿಯ ಕ್ರಿಸೊಟೈಲ್, ಕಂದು ಅಮೊಸೈಟ್, ನೀಲಿ ಕ್ರೊಸಿಡೊಲೈಟ್. ಬೆಂಕಿಗೆ ಉರಿಯುವುದಿಲ್ಲ, ಕಂದು, ನೀಲಿ ಬಗೆಗಳು ಆಸಿಡ್‌ಗೂ ಸುಲಭಕ್ಕೆ ಜಗ್ಗುವುದಿಲ್ಲ, ನೂಲಿನ ಹಾಗೆ ನೇಯಲೂ ಬರುತ್ತದೆ. ಅದಕ್ಕೇ ಬಾಯ್ಲರ್, ಹಡಗು, ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್, ಸಿಮೆಂಟ್ ಶೀಟು ಎಲ್ಲದರಲ್ಲೂ ಸೇರಿಕೊಂಡಿತು. ತೊಂದರೆ ಶುರುವಾಗುವುದು ಅದನ್ನು ಕತ್ತರಿಸಿದಾಗ, ಉಜ್ಜಿದಾಗ, ಒಡೆದಾಗ. ನಾರು ಉದ್ದುದ್ದಕ್ಕೆ ಸೀಳುತ್ತಾ ಕಣ್ಣಿಗೆ ಕಾಣದಷ್ಟು ತೆಳ್ಳಗಾಗುತ್ತದೆ. ನಮ್ಮ ತಲೆಕೂದಲ ದಪ್ಪ ಸುಮಾರು 70 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಗಾಳಿಯ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಹಿಡಿಯುವ ಆಸ್ಬೆಸ್ಟಾಸ್ ಎಳೆಯ ದಪ್ಪ 3 ಮೈಕ್ರಾನ್‌ಗಿಂತ ಕಡಿಮೆ, ಉದ್ದ 5 ಮೈಕ್ರಾನ್‌ಗಿಂತ ಜಾಸ್ತಿ. ಇಷ್ಟು ಸಪೂರ ಇರುವುದರಿಂದ ಮೂಗು, ಗಂಟಲು ದಾಟಿ ಶ್ವಾಸಕೋಶದ ತುದಿಯವರೆಗೆ ಹೋಗುತ್ತದೆ.

ಹೋದದ್ದರಲ್ಲಿ ಸ್ವಲ್ಪ ಭಾಗ ಪ್ಲೂರಾ ತಲುಪುತ್ತದೆ. ಪೊರೆಗಳ ನಡುವಿನ ದ್ರವ ಸದಾ ಹರಿದು ಹೋಗುತ್ತಿರಬೇಕು. ಅದಕ್ಕಾಗಿ ಹೊರಪದರದಲ್ಲಿ ದುಗ್ಧರಸ ನಾಳಗಳ ಸಣ್ಣ ಬಾಯಿಗಳಿವೆ. ಗಿಡ್ಡ ಎಳೆಗಳು ಆ ಬಾಯಿಗಳ ಮೂಲಕ ದಾಟಿ ಹೋಗುತ್ತವೆ. ಉದ್ದದವು ಅಲ್ಲೇ ಸಿಕ್ಕಿಕೊಳ್ಳುತ್ತವೆ. ದೇಹದ ಕಾವಲು ಕೋಶಗಳು ಬಂದು ನುಂಗಲು ನೋಡುತ್ತವೆ, ಎಳೆ ಅವುಗಳಿಗಿಂತ ಉದ್ದ ಇದ್ದರೆ ಆಗುವುದಿಲ್ಲ. ಕರಗಿಸಲೂ ಆಗುವುದಿಲ್ಲ. ಸಣ್ಣಗೆ ಉರಿಯೂತ ವರ್ಷಗಟ್ಟಲೆ ನಡೆಯುತ್ತದೆ. ಕೊನೆಗೆ ಆ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ಪದರ ಬೆಳೆಯುತ್ತದೆ. ಇದಕ್ಕೆ ಸಾಮಾನ್ಯವಾಗಿ 20ರಿಂದ 30 ವರ್ಷ ಬೇಕು. ನಿಮ್ಮ ತಂದೆ ಕೆಲಸ ಬಿಟ್ಟು ಎಷ್ಟೋ ವರ್ಷ ಆದ ಮೇಲೆ ಇದು ಕಂಡದ್ದು ಆಶ್ಚರ್ಯವೇ ಅಲ್ಲ.

ಎದೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಸಂದರ್ಭ ಬಂದಾಗ ಈ ಪ್ಲಾಕ್‌ಗಳು ಎದ್ದು ಕಾಣುತ್ತವೆ. ಸುತ್ತಲಿನ ಪೊರೆ ತೆಳ್ಳಗೆ, ಒದ್ದೆಯಾಗಿ, ತಿಳಿ ಗುಲಾಬಿ ಬಣ್ಣಕ್ಕಿರುತ್ತದೆ. ಒಳಗಿನ ರಕ್ತನಾಳಗಳು ಅದರ ಮೂಲಕವೇ ಕಾಣುತ್ತವೆ. ಅದರ ಮಧ್ಯೆ ದಂತದ ಬಣ್ಣದ, ಹೊಳೆಯುವ, ಅಂಚು ಸ್ಪಷ್ಟವಾಗಿರುವ ದಿಬ್ಬಗಳು. ಮೇಣದ ಹನಿ ಬಿದ್ದು ಹೆಪ್ಪುಗಟ್ಟಿದಂತೆ ಕೆಲವು ನಯವಾಗಿ, ಕೆಲವು ಗಂಟುಗಂಟಾಗಿರುತ್ತವೆ. ಹೆಚ್ಚಾಗಿ 6ರಿಂದ 9ನೇ ಪಕ್ಕೆಲುಬಿನ ಉದ್ದಕ್ಕೆ ಮತ್ತು ವಪೆಯ ಗುಮ್ಮಟದ ಮೇಲೆ ಇರುತ್ತವೆ. ಶ್ವಾಸಕೋಶದ ಮೇಲ್ತುದಿಯ ಭಾಗ ಮತ್ತು ಪಕ್ಕೆಲುಬು, ವಪೆ ಸೇರುವ ಕೆಳ ಮೂಲೆ ಸಾಮಾನ್ಯವಾಗಿ ಖಾಲಿ. ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಬುಟ್ಟಿ ಹೆಣೆದಂಥ ಕೊಲಾಜೆನ್ (ಗಾಯದ ಕಲೆಯಲ್ಲಿರುವ ಗಟ್ಟಿ ಪ್ರೋಟೀನ್) ಎಳೆಗಳು ಬಿಟ್ಟರೆ ಮತ್ತೇನೂ ಹೆಚ್ಚಿಗೆ ಸಿಗುವುದಿಲ್ಲ. ಜೀವಕೋಶಗಳೇ ಅಪರೂಪ. ಕ್ಯಾನ್ಸರ್ ಅಂದರೆ ಹಿಡಿತ ತಪ್ಪಿ ಬೆಳೆಯುವ ಕೋಶಗಳು. ಇಲ್ಲಿ ಹಾಗೆ ಬೆಳೆಯಲು ಕೋಶಗಳೇ ಇಲ್ಲದಂಥ ಸ್ಥಿತಿ. ವರ್ಷ ಕಳೆದ ಹಾಗೆ ಇದರಲ್ಲಿ ಕ್ಯಾಲ್ಸಿಯಂ ಕೂಡಿಕೊಳ್ಳುತ್ತದೆ. ರಿಪೋರ್ಟಿನಲ್ಲಿ ‘ಸುಣ್ಣಗಟ್ಟಿದ’ ಅಂತ ಇರುವುದು ಅದೇ. ಕೆಟ್ಟ ಸುದ್ದಿ ಅಂತ ಅದನ್ನು ಓದಬೇಡಿ. ಪ್ಲಾಕ್ ಹಳೆಯದು ಅಂತಷ್ಟೇ ಅದರ ಅರ್ಥ.

ಹಾಗಾದರೆ ಇಂಟರ್ನೆಟ್‌ನಲ್ಲಿ ಪ್ಲಾಕ್ ಅಂದ ಕೂಡಲೇ ಕ್ಯಾನ್ಸರ್ ಯಾಕೆ ಬರುತ್ತದೆ? ಎರಡಕ್ಕೂ ಒಂದೇ ಮೂಲ ಇರುವುದರಿಂದ. ಆಸ್ಬೆಸ್ಟಾಸ್ ಉಸಿರಾಡಿದವರಿಗೆ ಪ್ಲೂರಾದ ಕ್ಯಾನ್ಸರ್ ಆದ ಮೆಸೊಥೆಲಿಯೋಮಾ ಮತ್ತು ಶ್ವಾಸಕೋಶದ ಕ್ಯಾನ್ಸರ್ ಎರಡರ ಅಪಾಯವೂ ಬೇರೆಯವರಿಗಿಂತ ಜಾಸ್ತಿ. ಅವರಲ್ಲಿ ಹಲವರಿಗೆ ಪ್ಲಾಕ್ ಕೂಡ ಇರುತ್ತದೆ. ಹಾಗಾಗಿ ಪ್ಲಾಕ್ ಇರುವವರ ಗುಂಪನ್ನು ತೆಗೆದುಕೊಂಡರೆ ಅಲ್ಲಿ ಕ್ಯಾನ್ಸರ್ ಸ್ವಲ್ಪ ಹೆಚ್ಚಾಗಿ ಕಾಣುತ್ತದೆ. ಅಪಾಯ ನಿರ್ಧಾರ ಆಗುವುದು ಎಷ್ಟು ದೂಳು, ಯಾವ ಬಗೆಯ ನಾರು, ಎಷ್ಟು ವರ್ಷ ಅನ್ನುವುದರಿಂದ. ಮೆಸೊಥೆಲಿಯೋಮಾ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 30, 40 ವರ್ಷ ಬೇಕು. ಇದನ್ನು ಮುಚ್ಚಿಡುವುದಿಲ್ಲ. ಆದರೆ ಆಸ್ಬೆಸ್ಟಾಸ್ ಕೆಲಸ ಮಾಡಿದವರಲ್ಲಿ ಬಹುಪಾಲು ಜನರಿಗೆ ಅದು ಬರುವುದೇ ಇಲ್ಲ ಅನ್ನುವುದೂ ಅಷ್ಟೇ ನಿಜ. ಅಪ್ಪನಿಗೆ ಈ ಮಾತನ್ನು ದಯವಿಟ್ಟು ಹೇಳಿ.

ಪ್ಲಾಕ್ ಬರಲು ಕಾರ್ಖಾನೆಯಲ್ಲೇ ದುಡಿದಿರಬೇಕು ಅಂತಿಲ್ಲ. ಗ್ರೀಸ್ ದೇಶದ ಮೆಟ್ಸೊವೊ ಅನ್ನುವ ಬೆಟ್ಟದ ಊರಿನ ಜನ ತಮ್ಮ ಮನೆ ಗೋಡೆಗಳಿಗೆ ಅಲ್ಲಿನದೇ ಬಿಳಿ ಮಣ್ಣು ಬಳಿಯುತ್ತಿದ್ದರು. ಆ ಮಣ್ಣಿನಲ್ಲಿ ಟ್ರೆಮೊಲೈಟ್ ಅನ್ನುವ ಆಸ್ಬೆಸ್ಟಾಸ್ ಇತ್ತು. 1980ರ ದಶಕದಲ್ಲಿ ವೈದ್ಯರು ಎಕ್ಸ್-ರೇ ತೆಗೆದು ನೋಡಿದಾಗ ದೊಡ್ಡವರಲ್ಲಿ ಸುಮಾರು ಅರ್ಧದಷ್ಟು ಜನರ ಪ್ಲೂರಾ ಸುಣ್ಣಗಟ್ಟಿತ್ತು. ಅವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಅದೇ ಊರಿನಲ್ಲಿ ಮೆಸೊಥೆಲಿಯೋಮಾ ಕೂಡ ಬೇರೆ ಕಡೆಗಿಂತ ಜಾಸ್ತಿ ಇತ್ತು. ಒಂದೇ ಮಣ್ಣು, ಎರಡು ಬೇರೆ ಬೇರೆ ಪರಿಣಾಮ.

ಇನ್ನೊಂದು ವಿಷಯಕ್ಕೆ ಬರುತ್ತೇನೆ. ‘ಆಸ್ಬೆಸ್ಟಾಸ್‌ನಿಂದ ಪ್ಲೂರಾ ದಪ್ಪ ಆಗಿದೆ’ ಅನ್ನುವ ಒಂದೇ ಮಾತಿನಲ್ಲಿ ಬೇರೆ ಬೇರೆ ಕಾಯಿಲೆಗಳನ್ನು ಸೇರಿಸಿಬಿಡುತ್ತಾರೆ. ಗೊಂದಲ ಆಗುವುದು ಇಲ್ಲೇ. ನಿಮ್ಮ ತಂದೆಯ ರಿಪೋರ್ಟಿನಲ್ಲಿ ಪ್ಲಾಕ್ ಮಾತ್ರ ಇದೆ. ಆದರೂ ಉಳಿದವುಗಳ ಪರಿಚಯ ಇದ್ದರೆ ಮುಂದೆ ಯಾವತ್ತಾದರೂ ಹೊಸ ಪದ ಕಂಡಾಗ ಗಾಬರಿ ಆಗುವುದಿಲ್ಲ.

ಆಸ್ಬೆಸ್ಟಾಸ್ ಸಂಪರ್ಕದ ನಂತರ ಎಲ್ಲಕ್ಕಿಂತ ಮೊದಲು ಕಾಣಬಹುದಾದದ್ದು ಎದೆಯಲ್ಲಿ ನೀರು ತುಂಬಿಕೊಳ್ಳುವುದು. ಮೊದಲ 10 ವರ್ಷದೊಳಗೇ ಬರಬಹುದು, ಇನ್ನೂ ತಡವಾಗಿಯೂ ಬರಬಹುದು. ಕೆಲವರಿಗೆ ಜ್ವರ, ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚುವ ನೋವು, ಏದುಸಿರು. ಇನ್ನು ಕೆಲವರಿಗೆ ಏನೂ ಗೊತ್ತಾಗುವುದೇ ಇಲ್ಲ, ಬೇರೆ ಯಾವುದಕ್ಕೋ ಎಕ್ಸ್-ರೇ ತೆಗೆದಾಗ ಸಿಗುತ್ತದೆ. ಸಾಮಾನ್ಯವಾಗಿ ಒಂದೇ ಕಡೆ. ಸೂಜಿ ಹಾಕಿ ತೆಗೆದರೆ ನೀರು ಹಲವು ಸಲ ರಕ್ತ ಬೆರೆತಂತಿರುತ್ತದೆ. ಸಿರಿಂಜಿನಲ್ಲಿ ಕೆಂಪು ಬಣ್ಣ ನೋಡಿದ ಮನೆಯವರ ಮುಖ ಬಿಳಿಚಿಕೊಳ್ಳುತ್ತದೆ, ಸಹಜವೇ. ಕೆಂಪಾಗಿದ್ದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ. ಆದರೆ ಇದನ್ನು ‘ಅಪಾಯವಿಲ್ಲದ್ದು’ ಅಂತ ಮೊದಲ ದಿನವೇ ಹೇಳಿಬಿಡುವ ಡಾಕ್ಟರ ಮಾತನ್ನು ನಾನು ಒಪ್ಪುವುದಿಲ್ಲ. ಇದನ್ನು ಗುರುತಿಸಲು ಇದಕ್ಕೇ ಅಂತ ಒಂದು ಪರೀಕ್ಷೆ ಇಲ್ಲ. ಕ್ಷಯ, ಹೃದಯದ ತೊಂದರೆ, ನ್ಯುಮೋನಿಯಾ, ಕ್ಯಾನ್ಸರ್ ಎಲ್ಲವನ್ನೂ ಒಂದೊಂದಾಗಿ ತಳ್ಳಿಹಾಕಬೇಕು. ಬೇಕಾದರೆ ಕ್ಯಾಮೆರಾ ಇಳಿಸಿ ಪೊರೆಯ ತುಣುಕು ತೆಗೆದು ನೋಡಬೇಕು. ಆಮೇಲೂ 3 ವರ್ಷ ಕಣ್ಣಿಟ್ಟಿರಬೇಕು. ಆ ಅವಧಿಯಲ್ಲಿ ಗೆಡ್ಡೆ ಕಾಣಿಸಿಕೊಳ್ಳದಿದ್ದರೆ ಮಾತ್ರ ನಿರಪಾಯದ ನೀರು ಅಂತ ನಿಶ್ಚಿಂತೆಯಿಂದ ಹೇಳಬಹುದು. ನೀರು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ಇಳಿಯುತ್ತದೆ. ಕೆಲವರಿಗೆ ಅದೇ ಕಡೆ ಅಥವಾ ಇನ್ನೊಂದು ಕಡೆ ಮತ್ತೆ ಬರುವುದುಂಟು.

ಈ ನೀರು ಇಳಿದ ಮೇಲೆ ಕೆಲವರಿಗೆ ಒಳಪದರ, ಹೊರಪದರ ಎರಡೂ ಒಂದಕ್ಕೊಂದು ಅಂಟಿಕೊಂಡು ದಪ್ಪನೆ ಹಾಳೆಯಾಗಿ ಬಿಡುತ್ತವೆ. ಇದನ್ನು ಡಿಫ್ಯೂಸ್ ಪ್ಲೂರಲ್ ಥಿಕನಿಂಗ್ ಅನ್ನುತ್ತಾರೆ. ಪ್ಲಾಕ್‌ಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಪ್ಲಾಕ್ ಹೊರಪದರದಲ್ಲಿ ಅಲ್ಲಲ್ಲಿ ಇರುವ ಕಲೆ, ಅದರ ಪಕ್ಕದಲ್ಲಿ ಶ್ವಾಸಕೋಶ ಆರಾಮಾಗಿ ಜಾರುತ್ತಿರುತ್ತದೆ. ಇಲ್ಲಿ ಹಾಗಲ್ಲ. ಒಳಪದರವೇ ಬಿಗಿದುಕೊಂಡಿರುವುದರಿಂದ ಶ್ವಾಸಕೋಶ ಪೂರ್ತಿ ಅರಳಲು ಆಗುವುದಿಲ್ಲ. ಸಿ.ಟಿ.ಯಲ್ಲಿ 3 ಮಿಲಿಮೀಟರ್‌ಗಿಂತ ದಪ್ಪ, 5 ಸೆಂಟಿಮೀಟರ್‌ಗಿಂತ ಅಗಲ, ಮೇಲಿನಿಂದ ಕೆಳಗೆ 8 ಸೆಂಟಿಮೀಟರ್‌ಗಿಂತ ಉದ್ದ ಇದ್ದರೆ ಸಾಮಾನ್ಯವಾಗಿ ಈ ಹೆಸರು ಕೊಡುತ್ತಾರೆ. ಎಕ್ಸ್-ರೇಯಲ್ಲಿ ಚೂಪಾಗಿ ಕಾಣಬೇಕಾದ ಕೆಳ ಮೂಲೆ ಮೊಂಡಾಗಿರುತ್ತದೆ. ರೋಗಿ ಹೇಳುವುದು ಒಂದೇ ಮಾತು: ಮೆಟ್ಟಿಲು ಹತ್ತಿದರೆ, ಏರು ನಡೆದರೆ ದಮ್ಮು ಕಟ್ಟುತ್ತದೆ. ಕೆಲವರಿಗೆ ಎದೆ ಬಿಗಿ, ಮಂದವಾದ ನೋವು. ಊದುವ ಪರೀಕ್ಷೆ ಅಂದರೆ ಸ್ಪೈರೊಮೆಟ್ರಿಯಲ್ಲಿ ಹೊರಬರುವ ಗಾಳಿಯ ಒಟ್ಟು ಪ್ರಮಾಣ ಇಳಿದಿರುತ್ತದೆ. ಕ್ಯಾನ್ಸರ್ ಅಲ್ಲದ ಪ್ಲೂರಾ ಕಾಯಿಲೆಗಳಲ್ಲಿ ಬದುಕಿಗೆ ನಿಜವಾಗಿ ತೊಡಕಾಗುವುದು ಇದೇ.

ಹೀಗೆ ದಪ್ಪಗಾದ ಪೊರೆ ಕೆಲವೊಮ್ಮೆ ಪಕ್ಕದ ಶ್ವಾಸಕೋಶದ ಒಂದು ಭಾಗವನ್ನು ಒಳಕ್ಕೆ ಮಡಚಿಬಿಡುತ್ತದೆ. ಸ್ಕ್ಯಾನ್‌ನಲ್ಲಿ ಅದು ದುಂಡಗಿನ ಗೆಡ್ಡೆಯ ಹಾಗೇ ಕಾಣುತ್ತದೆ. ರೌಂಡೆಡ್ ಅಟೆಲೆಕ್ಟಾಸಿಸ್ ಅಂತ ಇದರ ಹೆಸರು. ಅನುಭವ ಇರುವ ರೇಡಿಯಾಲಜಿಸ್ಟ್ ಅದರತ್ತ ಸುತ್ತಿಕೊಂಡು ಹೋಗುವ ರಕ್ತನಾಳಗಳನ್ನು ನೋಡಿಯೇ ಗುರುತಿಸುತ್ತಾರೆ. ಹಳೆಯ ಸ್ಕ್ಯಾನ್ ಜೊತೆಗಿಟ್ಟು ನೋಡಿದರೆ ಬೆಳೆದಿಲ್ಲ ಅಂತ ಗೊತ್ತಾಗುತ್ತದೆ. ಅನುಮಾನ ಉಳಿದರೆ ಬಯಾಪ್ಸಿ ಮಾಡಬೇಕಾಗುತ್ತದೆ. ಇನ್ನು ಆಸ್ಬೆಸ್ಟೋಸಿಸ್ ಅನ್ನುವ ಪದವೂ ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಅದು ಪೊರೆಯ ಕಾಯಿಲೆ ಅಲ್ಲ, ಶ್ವಾಸಕೋಶದ ಒಳಗೇ ಗಾಯದ ಎಳೆಗಳು ಹಬ್ಬುವ ಕಾಯಿಲೆ. ನಿಮ್ಮ ರಿಪೋರ್ಟಿನಲ್ಲಿ ಅದರ ಬಗ್ಗೆ ಏನೂ ಬರೆದಿಲ್ಲದಿದ್ದರೆ ಒಮ್ಮೆ ಡಾಕ್ಟರನ್ನು ಕೇಳಿಬಿಡಿ: ‘ಶ್ವಾಸಕೋಶದ ಒಳಭಾಗ ಚೆನ್ನಾಗಿದೆಯಾ?’

ಈಗ ಕೆಮ್ಮಿನ ವಿಷಯ. ಆ ಕೆಮ್ಮಿಗೂ ಪ್ಲಾಕ್‌ಗೂ ಸಂಬಂಧ ಇರುವ ಸಾಧ್ಯತೆ ತೀರಾ ಕಡಿಮೆ. ಪ್ಲಾಕ್‌ಗೆ ಸಾಮಾನ್ಯವಾಗಿ ಲಕ್ಷಣವೇ ಇಲ್ಲ. ದೊಡ್ಡ ಗುಂಪುಗಳನ್ನು ಪರೀಕ್ಷಿಸಿದಾಗ ಪ್ಲಾಕ್ ಇರುವವರ ಉಸಿರಿನ ಪ್ರಮಾಣ ಸರಾಸರಿಯಲ್ಲಿ ಚೂರು ಕಡಿಮೆ ಕಂಡಿದೆ. ಆದರೆ ಒಬ್ಬ ವ್ಯಕ್ತಿಗೆ ದಿನನಿತ್ಯದ ಓಡಾಟದಲ್ಲಿ ಗೊತ್ತಾಗುವಷ್ಟು ಅಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಮ್ಮೆ ರಿಪೋರ್ಟಿನಲ್ಲಿ ಪ್ಲಾಕ್ ಅಂತ ಬಂದರೆ ಆಮೇಲೆ ಬರುವ ಪ್ರತಿ ಏದುಸಿರನ್ನೂ ಅದರ ತಲೆಗೇ ಕಟ್ಟುತ್ತಾರೆ. ರೋಗಿಯೂ ಸುಮ್ನೆ ಇದ್ದುಬಿಡುತ್ತಾರೆ, ‘ಇದಕ್ಕೆ ಔಷಧಿ ಇಲ್ಲವಂತೆ’ ಅಂತ. ಅಷ್ಟರಲ್ಲಿ ಹೃದಯದ ಕಾಯಿಲೆ, ಸಿಗರೇಟಿನಿಂದ ಬಂದ ಸಿ.ಒ.ಪಿ.ಡಿ. (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ), ರಕ್ತಹೀನತೆ, ಇಂಥ ಚಿಕಿತ್ಸೆ ಇರುವ ಕಾರಣಗಳು ಕೈತಪ್ಪಿ ಹೋಗುತ್ತವೆ. ಪ್ಲಾಕ್ ಇರುವವರಿಗೆ ಏದುಸಿರು ಬಂದರೆ ಬೇರೆ ಕಾರಣ ಹುಡುಕಲೇಬೇಕು.

ಆಪರೇಷನ್ ಬೇಡ. ಪ್ಲಾಕ್ ತೆಗೆಯುವುದರಿಂದ ಉಸಿರಾಟ ಉತ್ತಮ ಆಗುವುದಿಲ್ಲ, ಕ್ಯಾನ್ಸರಿನ ಅಪಾಯವೂ ಇಳಿಯುವುದಿಲ್ಲ. ಕರಗಿಸುವ ಮಾತ್ರೆಯೂ ಇಲ್ಲ. ಯಾರಾದರೂ ಕರಗಿಸಿ ಕೊಡುತ್ತೇವೆ ಅಂದರೆ ದುಡ್ಡು ಕೊಡಬೇಡಿ. ಡಿಫ್ಯೂಸ್ ಥಿಕನಿಂಗ್ ಇದ್ದವರಿಗೆ ಅಂಟಿಕೊಂಡ ಪೊರೆ ಬಿಡಿಸುವ ದೊಡ್ಡ ಆಪರೇಷನ್ ಒಂದಿದೆ, ಆದರೆ ಅದರಿಂದ ಅಂದುಕೊಂಡಷ್ಟು ಪ್ರಯೋಜನ ಅಪರೂಪ. ಅಂಥವರಿಗೆ ಫಿಸಿಯೊಥೆರಪಿ ತಜ್ಞರ ಜೊತೆ ಉಸಿರಾಟದ, ನಡಿಗೆಯ ಕ್ರಮಬದ್ಧ ವ್ಯಾಯಾಮ ಜಾಸ್ತಿ ಸಹಾಯ ಮಾಡುತ್ತದೆ.

ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಕೂಡ ಬೇಡ. ಒಂದು ಎದೆಯ ಸಿ.ಟಿ.ಯ ವಿಕಿರಣ ಒಂದು ಎಕ್ಸ್-ರೇಗಿಂತ ಹತ್ತಾರು ಪಟ್ಟು ಜಾಸ್ತಿ. ಪ್ಲಾಕ್ ನಿಧಾನಕ್ಕೆ ಇನ್ನಷ್ಟು ಸುಣ್ಣಗಟ್ಟಬಹುದು, ಸ್ವಲ್ಪ ದೊಡ್ಡದೂ ಆಗಬಹುದು. ಅದನ್ನು ಅಳೆಯುತ್ತಾ ಕೂತರೆ ಚಿಕಿತ್ಸೆ ಬದಲಾಗುವುದಿಲ್ಲ, ಪ್ರತಿ ಸಲ ಮನೆಯಲ್ಲಿ ಆತಂಕ ಮಾತ್ರ. ಅಮೆರಿಕದ ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿ 2004ರಲ್ಲಿ ಹೊರಡಿಸಿದ ಸಲಹೆಯಲ್ಲಿ ಆಸ್ಬೆಸ್ಟಾಸ್ ಸಂಪರ್ಕ ಇದ್ದವರಿಗೆ 3ರಿಂದ 5 ವರ್ಷಕ್ಕೊಮ್ಮೆ ಎದೆಯ ಎಕ್ಸ್-ರೇ ಮತ್ತು ಊದುವ ಪರೀಕ್ಷೆ ಸಾಕು ಅಂತಿದೆ. ನನಗೂ ಇದು ಒಪ್ಪಿಗೆ. ಈಗ ಒಮ್ಮೆ ಸ್ಪೈರೊಮೆಟ್ರಿ ಮಾಡಿಸಿಡಿ. ಮುಂದೆ ಹೋಲಿಸಿ ನೋಡಲು ಒಂದು ಲೆಕ್ಕ ಸಿಗುತ್ತದೆ. ಆದರೆ ನಿಮ್ಮ ತಂದೆ ವರ್ಷಗಟ್ಟಲೆ ದಿನಕ್ಕೊಂದು ಪ್ಯಾಕ್ ಸೇದಿದವರು. ಆ ಲೆಕ್ಕದಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಪಾಸಣೆಗೆ ವರ್ಷಕ್ಕೊಮ್ಮೆ ಕಡಿಮೆ ವಿಕಿರಣದ ಸಿ.ಟಿ. ಬೇಕಾಗಬಹುದು. ಹಲವು ದೇಶಗಳಲ್ಲಿ ಇಂಥ ತಪಾಸಣೆ ಇದೆ. ಅದು ಪ್ಲಾಕ್ ನೋಡುವುದಕ್ಕಲ್ಲ. ಡಾಕ್ಟರ ಹತ್ತಿರ ಈ ಪ್ರಶ್ನೆಯನ್ನು ಬೇರೆಯಾಗಿಯೇ ಕೇಳಿ.

ಸಿಗರೇಟಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಿಮ್ಮ ತಂದೆ ಮಾಡಿದ ಹೊದಿಕೆ ಕೆಲಸವನ್ನೇ ಅಮೆರಿಕದಲ್ಲಿ ಮಾಡುತ್ತಿದ್ದ ಸಾವಿರಾರು ಕಾರ್ಮಿಕರನ್ನು ಡಾ. ಇರ್ವಿಂಗ್ ಸೆಲಿಕಾಫ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಗಮನಿಸಿದರು. 1979ರಲ್ಲಿ ಪ್ರಕಟವಾದ ಅವರ ಲೆಕ್ಕ ಹೀಗಿದೆ. ಸಿಗರೇಟೂ ಇಲ್ಲ, ಆಸ್ಬೆಸ್ಟಾಸೂ ಇಲ್ಲ ಅನ್ನುವವರ ಶ್ವಾಸಕೋಶದ ಕ್ಯಾನ್ಸರ್ ಸಾವಿನ ಪ್ರಮಾಣ 1 ಅಂತ ಇಟ್ಟುಕೊಂಡರೆ, ಆಸ್ಬೆಸ್ಟಾಸ್ ಮಾತ್ರ ಇದ್ದವರಿಗೆ ಸುಮಾರು 5, ಸಿಗರೇಟ್ ಮಾತ್ರ ಇದ್ದವರಿಗೆ ಸುಮಾರು 11, ಎರಡೂ ಇದ್ದವರಿಗೆ 50ರ ಮೇಲೆ. ಎರಡೂ ಸೇರಿದಾಗ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ಇದೇ ಕೆಲಸದವರ ಮೇಲೆ 2013ರಲ್ಲಿ ಬಂದ ಇನ್ನೊಂದು ವರದಿಯಲ್ಲಿ ಒಳ್ಳೆಯ ಸುದ್ದಿ ಇದೆ: ಸಿಗರೇಟ್ ಬಿಟ್ಟವರಲ್ಲಿ 10 ವರ್ಷದೊಳಗೆ ಶ್ವಾಸಕೋಶದ ಕ್ಯಾನ್ಸರ್ ಸಾವಿನ ಪ್ರಮಾಣ ಅರ್ಧಕ್ಕೆ ಇಳಿದಿತ್ತು. ಮೆಸೊಥೆಲಿಯೋಮಾ ಮತ್ತು ಪ್ಲಾಕ್‌ಗೆ ಸಿಗರೇಟಿನ ಜೊತೆ ಇಂಥ ನಂಟಿಲ್ಲ. ಆದರೆ ಆಸ್ಬೆಸ್ಟಾಸ್ ಕಾರ್ಮಿಕರಿಗೆ ಶ್ವಾಸಕೋಶದ ಕ್ಯಾನ್ಸರ್ ಒಂದು ದೊಡ್ಡ ಅಪಾಯ, ಅದರಲ್ಲಿ ಕೈಯಾರೆ ಇಳಿಸಬಹುದಾದ ಭಾಗ ಇದೊಂದೇ. ಒಳಗೆ ಹೋದ ನಾರನ್ನು ಯಾರೂ ಹೊರಗೆ ತೆಗೆಯಲಾರರು. ಆ ನಾಲ್ಕೈದು ಸಿಗರೇಟನ್ನು ತೆಗೆಯಬಹುದು. ಇಷ್ಟರವರೆಗೆ ಇಳಿಸಿದವರಿಗೆ ಪೂರ್ತಿ ಬಿಡುವುದು ಸಾಧ್ಯ. ನಿಕೋಟಿನ್ ಗಮ್, ಪ್ಯಾಚ್, ಮಾತ್ರೆ ಎಲ್ಲ ಇವೆ. 69ಕ್ಕೆ ಬಿಟ್ಟು ಏನು ಪ್ರಯೋಜನ ಅಂತ ಅವರು ಕೇಳಿದರೆ ಈ ಅಂಕಿಗಳನ್ನು ಮುಂದಿಡಿ.

ಅಮ್ಮನ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು. ಮನೆಯವರನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ಕೆಲಸದ ಬಟ್ಟೆಯ ಮಡಿಕೆಗಳಲ್ಲಿ, ಜೇಬಿನಲ್ಲಿ ದೂಳು ಮನೆಗೆ ಬರುತ್ತದೆ. ಒಗೆಯುವ ಮೊದಲು ಬಟ್ಟೆ ಕೊಡವಿದಾಗ ಅದೇ ದೂಳು ಮತ್ತೆ ಗಾಳಿಗೆ ಏಳುತ್ತದೆ. 1965ರಲ್ಲಿ ಪ್ರಕಟವಾದ ಲಂಡನ್ ಭಾಗದ ಒಂದು ಅಧ್ಯಯನದಲ್ಲಿ ಮೆಸೊಥೆಲಿಯೋಮಾ ಬಂದವರ ಪೈಕಿ ಕೆಲವರು ಕಾರ್ಖಾನೆ ಮೆಟ್ಟಿಲೇ ಹತ್ತಿದವರಲ್ಲ, ಆಸ್ಬೆಸ್ಟಾಸ್ ಕಾರ್ಮಿಕರ ಮನೆಯವರು. ಆದ್ದರಿಂದ ಅಮ್ಮನಿಗೂ ಸಂಪರ್ಕ ಇತ್ತು ಅಂತಲೇ ಇಟ್ಟುಕೊಳ್ಳಿ. ಹಾಗಂತ ತೊಂದರೆ ಇಲ್ಲದಿರುವಾಗ ಅವರಿಗೆ ಸ್ಕ್ಯಾನ್ ಬೇಡ. ಪ್ಲಾಕ್ ಸಿಕ್ಕರೂ ಮಾಡುವಂಥದ್ದು ಏನೂ ಇಲ್ಲ, ಅಲ್ವಾ? ಮುಂದೆ ಯಾವ ಡಾಕ್ಟರ ಹತ್ತಿರ ಎದೆ ಅಥವಾ ಉಸಿರಿನ ತೊಂದರೆಗೆ ಹೋದರೂ ‘ಯಜಮಾನರ ಆಸ್ಬೆಸ್ಟಾಸ್ ಬಟ್ಟೆ ಇಷ್ಟು ವರ್ಷ ಒಗೆದಿದ್ದೇನೆ’ ಅಂತ ಅವರೇ ಹೇಳಬೇಕು. ಡಾಕ್ಟರುಗಳು ತಾವಾಗಿ ಈ ಪ್ರಶ್ನೆ ಕೇಳುವುದು ಕಡಿಮೆ.

ಅಪ್ಪನ ಮೌನವನ್ನೂ ಕಾಯಿಲೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ಬ್ರಿಟನ್ನಿನಲ್ಲಿ ಪ್ಲಾಕ್ ಇದ್ದ ಕಾರ್ಮಿಕರು ಹಾಕಿದ ಮೊಕದ್ದಮೆಗಳು 2007ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋದವು. ಅವರಲ್ಲಿ ಒಬ್ಬರಿಗೆ ಪ್ಲಾಕ್ ಇದೆ ಅಂತ ಗೊತ್ತಾದ ಭಯದಲ್ಲೇ ಖಿನ್ನತೆ ಕಾಯಿಲೆ ಶುರುವಾಗಿತ್ತು. ಲಕ್ಷಣ ಇಲ್ಲದ ಪ್ಲಾಕ್ ಪರಿಹಾರ ಕೊಡಬೇಕಾದಂಥ ಹಾನಿ ಅಲ್ಲ ಅಂತ ತೀರ್ಪು ಬಂತು. ಸ್ಕಾಟ್ಲೆಂಡಿನ ಸಂಸತ್ತು ಅದನ್ನು ಒಪ್ಪದೆ 2009ರಲ್ಲಿ ಬೇರೆ ಕಾನೂನು ತಂದು ಅಲ್ಲಿನವರಿಗೆ ಪರಿಹಾರ ಕೇಳುವ ಹಕ್ಕು ಕೊಟ್ಟಿತು. ನನ್ನ ಮಟ್ಟಿಗೆ, ದುಡಿದ ಜಾಗದಲ್ಲಿ ಹೇಳದೆ ಕೇಳದೆ ಒಬ್ಬ ಮನುಷ್ಯನ ಎದೆಯೊಳಗೆ ನಾರು ಸೇರಿಸಿದ್ದು ಅನ್ಯಾಯವೇ, ಉಸಿರಿಗೆ ತೊಂದರೆ ಆಗಲಿ ಬಿಡಲಿ. ಅಪ್ಪನಿಗೆ ಆ ಸಿಟ್ಟು, ಆ ಹೆದರಿಕೆ ಎರಡೂ ಇರಬಹುದು. ‘ಏನೂ ಇಲ್ಲ ಬಿಡಿ’ ಅಂದು ಮಾತು ಮುಗಿಸಬೇಡಿ. ಅವರ ಕೆಲಸದ ಬಗ್ಗೆ ಕೇಳಿ.

ಹಾಗೆ ಕೇಳುವುದರಿಂದ ಚಿಕಿತ್ಸೆಗೂ ಉಪಯೋಗ ಇದೆ. ನಾನು ಇಂಥವರನ್ನು ನೋಡುವಾಗ ‘ಯಾವ ಕೆಲಸ’ ಅಂತ ಕೇಳಿ ಬಿಡುವುದಿಲ್ಲ. ಹೊದಿಕೆಯ ಪುಡಿ ಚೀಲದಿಂದ ಸುರಿದು ನೀರಿಗೆ ಕಲಸುತ್ತಿದ್ದವರು ಯಾರು? ಹಳೇ ಹೊದಿಕೆ ಕಿತ್ತು ಹಾಕುವಾಗ ಒಣಗಿದ್ದನ್ನೇ ಒಡೆಯುತ್ತಿದ್ದಿರಾ, ನೆನೆಸಿ ತೆಗೆಯುತ್ತಿದ್ದಿರಾ? ಗರಗಸ ಹಾಕುತ್ತಿದ್ದಿರಾ? ಸಂಜೆ ಪೊರಕೆಯಲ್ಲಿ ಗುಡಿಸುತ್ತಿದ್ದಿರಾ? ಬಾಯ್ಲರ್ ಮನೆಯ ಬಾಗಿಲು ತೆರೆದಿರುತ್ತಿತ್ತಾ? ಊಟ ಎಲ್ಲಿ ಮಾಡುತ್ತಿದ್ದಿರಿ? ಯಾವ ಇಸವಿಯಿಂದ ಯಾವ ಇಸವಿವರೆಗೆ? ಎಷ್ಟು ದೂಳು ಒಳಗೆ ಹೋಗಿರಬಹುದು ಅನ್ನುವ ಅಂದಾಜು ಇದರಿಂದಲೇ ಸಿಗುತ್ತದೆ. ಪರಿಹಾರಕ್ಕೆ ಅರ್ಜಿ ಹಾಕುವ ಅವಕಾಶ ಅವರು ದುಡಿದ ದೇಶದ ಕಾನೂನಿನಲ್ಲಿ ಇದ್ದರೆ ಅಲ್ಲೂ ಇದೇ ವಿವರ ಬೇಕು. ಅಪ್ಪ ಹೇಳುತ್ತಾ ಹೋಗಲಿ, ನೀವು ಇಸವಿ ಸಮೇತ ಬರೆದುಕೊಳ್ಳಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಗುರುತಿನ ಚೀಟಿ ಇದ್ದರೆ ಜೊತೆಗಿಡಿ.

ಕಾಯದೆ ಡಾಕ್ಟರ ಹತ್ತಿರ ಹೋಗಬೇಕಾದ ಸಂದರ್ಭಗಳು ಇವು: ಹೊಸದಾಗಿ ಶುರುವಾದ, ದಿನದಿಂದ ದಿನಕ್ಕೆ ಜಾಸ್ತಿ ಆಗುವ ಏದುಸಿರು. ಒಂದೇ ಕಡೆ ಪಕ್ಕೆಯಲ್ಲಿ ಬಿಡದೆ ಇರುವ, ರಾತ್ರಿ ನಿದ್ದೆ ಕೆಡಿಸುವ ನೋವು. ಕಾರಣ ಇಲ್ಲದೆ ತೂಕ ಇಳಿಯುವುದು. ಕಫದಲ್ಲಿ ರಕ್ತ. ಮೂರು ವಾರ ಕಳೆದರೂ ಹೋಗದ ಕೆಮ್ಮು. ಇವು ಪ್ಲಾಕ್‌ನ ಲಕ್ಷಣಗಳಲ್ಲ. ಅದಕ್ಕಾಗಿಯೇ ಇವನ್ನು ಪ್ಲಾಕ್ ಲೆಕ್ಕಕ್ಕೆ ಸೇರಿಸಿ ಸುಮ್ಮನಿರಬಾರದು. ಫ್ಲೂ ಮತ್ತು ನ್ಯುಮೋಕಾಕಲ್ (ನ್ಯುಮೋನಿಯಾ ತಡೆಯುವ) ಲಸಿಕೆ ಈ ವಯಸ್ಸಿಗೆ ಹಾಕಿಸಿಕೊಳ್ಳುವುದು ಒಳ್ಳೆಯದು. ಇನ್ನು ಮುಂದೆ ಹಳೇ ಹೊದಿಕೆ, ಹಳೇ ಶೀಟು ಒಡೆಯುವ ಕೆಲಸಕ್ಕೆ ಅಪ್ಪ ಕೈ ಹಾಕುವುದು ಬೇಡ.

ಈಗಿನ ಸ್ಕ್ಯಾನ್‌ನ ರಿಪೋರ್ಟ್ ಹಾಳೆ ಒಂದೇ ಸಾಲದು, ಚಿತ್ರಗಳಿರುವ ಸಿ.ಡಿ.ಯನ್ನೂ ಕೇಳಿ ಇಟ್ಟುಕೊಳ್ಳಿ. ಐದು ವರ್ಷದ ಮೇಲೆ ಯಾರಾದರೂ ‘ಇಲ್ಲೊಂದು ಕಲೆ ಇದೆ’ ಅಂದರೆ, ಅದು ಮೊದಲೇ ಇತ್ತಾ, ಹೊಸದಾ ಅಂತ ಹೇಳಲು ಆ ಚಿತ್ರಗಳೇ ಬೇಕು.